ಹೊಸ ಉದ್ಯಮ ಮತ್ತು ಮಾರುಕಟ್ಟೆಯ ಪ್ರಶ್ನೆ: ಮೈಸೂರು ಸಂಸ್ಥಾನದ ಮೂರು ಪ್ರಯೋಗಗಳು

ಮೈಸೂರು ಸಂಸ್ಥಾನದ ಕೈಗಾರಿಕಾ ಚರಿತ್ರೆಯನ್ನು ಕುರಿತ ಬರೆಹಗಳಲ್ಲಿ ಎರಡು ಧೋರಣೆಗಳು ಸಾಮಾನ್ಯವಾಗಿ ಕಂಡುಬರುತ್ತವೆ. ಒಂದು, ಅರಸರ ಔದಾರ್ಯವನ್ನೂ ದಿವಾನರ ದೂರದೃಷ್ಟಿಯನ್ನೂ ಕೊಂಡಾಡುವುದು. ಇನ್ನೊಂದು, ಉದ್ಯಮಗಳ ಲಾಭನಷ್ಟಗಳನ್ನು ಲೆಕ್ಕಹಾಕಿ ತೀರ್ಪು ನೀಡುವುದು. ಇವೆರಡರ ನಡುವೆ ಒಂದು ಮುಖ್ಯ ಪ್ರಶ್ನೆ ಹಿಂದೆ ಸರಿದಿದೆ. ಅದುವರೆಗೆ ಈ ನಾಡಿನಲ್ಲಿ ಇಲ್ಲದಿದ್ದ ಒಂದು ವ್ಯವಸ್ಥೆಯನ್ನು ಅಥವಾ ಸರಕನ್ನು ಮೊದಲ ಬಾರಿಗೆ ನೆಲೆಗೊಳಿಸುವಾಗ ಎದುರಾದ ತೊಡಕುಗಳ ಸ್ವರೂಪವೇನು ಎಂಬುದೇ ಆ ಪ್ರಶ್ನೆ. ಶಿವನಸಮುದ್ರದ ವಿದ್ಯುತ್ ಯೋಜನೆ, ಶ್ರೀಗಂಧದ ಎಣ್ಣೆಯ ಕಾರ್ಖಾನೆ ಮತ್ತು ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇವು ಈ ಪ್ರಶ್ನೆಗೆ ಮೂರು ಬಗೆಯ ಉತ್ತರಗಳನ್ನು ಒದಗಿಸುತ್ತವೆ. ಯಂತ್ರ, ಬಂಡವಾಳ, ತಜ್ಞತೆ ಈ ಮೂರನ್ನೂ ಸಂಸ್ಥಾನವು ಹೊರಗಿನಿಂದಲಾದರೂ ತರಬಲ್ಲದಾಗಿತ್ತು. ಕೊಳ್ಳುವವರನ್ನು ಹಾಗೆ ತರಲು ಸಾಧ್ಯವಿರಲಿಲ್ಲ. ಈ ಪ್ರಯೋಗಗಳ ಭವಿಷ್ಯವನ್ನು ಬಹುಮಟ್ಟಿಗೆ ನಿರ್ಧರಿಸಿದುದು ಈ ಸಂಗತಿಯೇ.

ಶಿವನಸಮುದ್ರ: ಕರಾರಿನ ಬಲ

ಕಾವೇರಿಯ ಜಲಪಾತದಿಂದ ವಿದ್ಯುತ್ತನ್ನು ಉತ್ಪಾದಿಸುವ ಯೋಜನೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದ ಕೊನೆಯ ವರ್ಷಗಳಲ್ಲಿ ರೂಪುಗೊಂಡಿತು. ಇದರ ಹಿಂದಿದ್ದ ಇಂಜಿನಿಯರ್ ಎ. ಸಿ. ಜೋಲಿ ದ ಲಾಟ್‌ಬಿನಿಯರ್. ವಿದ್ಯುತ್ತನ್ನು ಅಷ್ಟು ದೂರ ಸಾಗಿಸಿದ ನಿದರ್ಶನಗಳು ಆ ಕಾಲಕ್ಕೆ ಜಗತ್ತಿನಲ್ಲಿಯೇ ವಿರಳವಾಗಿದ್ದವು. ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ಇದ್ದ ಅಂತರ ಸುಮಾರು 92 ಮೈಲಿ. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದಲೂ ಜಲಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವೈಸ್ ಕಂಪನಿಯಿಂದಲೂ ಬಂದವು. ಇಂತಹ ಭಾರವಾದ ಯಂತ್ರಭಾಗಗಳನ್ನು ರೈಲು ಮಾರ್ಗವಿಲ್ಲದ ಕಣಿವೆಗೆ ಸಾಗಿಸುವುದೇ ಒಂದು ಸಾಹಸವಾಗಿದ್ದಿತು.

ಇಷ್ಟೊಂದು ಅನಿಶ್ಚಿತತೆಯ ನಡುವೆಯೂ ಯೋಜನೆಗೆ ಭದ್ರವಾದ ಒಂದು ತಳಹದಿಯಿತ್ತು. ಉತ್ಪಾದನೆಗೆ ಮೊದಲೇ ಗ್ರಾಹಕರು ಗೊತ್ತಾಗಿದ್ದರು. ಗಣಿಗಳ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯೊಡನೆ ಸರ್ಕಾರವು ವಿದ್ಯುತ್ ಪೂರೈಕೆಯ ಕರಾರನ್ನು ಮೊದಲೇ ಮಾಡಿಕೊಂಡಿತ್ತು. ಹಬೆಯಂತ್ರಗಳಿಗೆ ಸೌದೆ, ಕಲ್ಲಿದ್ದಲುಗಳನ್ನು ಸುರಿಯುತ್ತಿದ್ದ ಗಣಿಗಳಿಗೆ ಈ ಹೊಸ ಶಕ್ತಿಯ ಪ್ರಯೋಜನವನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಅವುಗಳ ಖರ್ಚಿನ ಲೆಕ್ಕವೇ ಅದನ್ನು ಹೇಳುತ್ತಿತ್ತು. 1902ರ ಜೂನ್ ತಿಂಗಳ ಕೊನೆಯಲ್ಲಿ ಗಣಿಗಳಿಗೆ ವಿದ್ಯುತ್ ಹರಿಯಿತು. ಯೋಜನೆಗೆ ಚಾಲನೆ ನೀಡಿದ ಶೇಷಾದ್ರಿ ಅಯ್ಯರ್ 1901ರಲ್ಲಿಯೇ ನಿಧನರಾಗಿದ್ದರು.

ಈ ಯಶಸ್ಸಿಗೂ ಒಂದು ಬೆಲೆಯಿತ್ತು. ಬೆಂಗಳೂರಿನ ಬೀದಿಗಳು ವಿದ್ಯುದ್ದೀಪಗಳನ್ನು ಕಂಡದ್ದು 1905ರಲ್ಲಿ. ತಂತಿಗಳು ಹಾದುಹೋದ ಹಳ್ಳಿಗಳಿಗಿಂತ ಮೊದಲು ತಂತಿಗಳ ತುದಿಯಲ್ಲಿದ್ದ ವಿದೇಶೀ ಒಡೆತನದ ಗಣಿಗಳಿಗೆ ಕಾವೇರಿಯ ಶಕ್ತಿ ದೊರೆಯಿತು. ಕರಾರು ಸರ್ಕಾರದ ಮೇಲೆಯೂ ಹೊಣೆಯನ್ನು ಹೊರಿಸಿತು. ಬೇಸಗೆಯಲ್ಲಿ ನದಿಯ ಹರಿವು ಕುಗ್ಗಿದರೂ ಗಣಿಗಳಿಗೆ ಕೊಡಬೇಕಾದ ಶಕ್ತಿಯಲ್ಲಿ ಕೊರತೆಯಾಗುವಂತಿರಲಿಲ್ಲ. 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟಿನ ಉದ್ದೇಶಗಳಲ್ಲಿ ನೀರಾವರಿಯೊಂದಿಗೆ ಶಿವನಸಮುದ್ರಕ್ಕೆ ವರ್ಷವಿಡೀ ನೀರನ್ನು ಒದಗಿಸುವುದೂ ಸೇರಿದ್ದುದು ಗಮನಾರ್ಹ. ಹೊಸ ವ್ಯವಸ್ಥೆಯೊಂದು ನೆಲೆಯೂರಿದ ಮೇಲೆ ಅದನ್ನು ಕಾಪಾಡಲು ಇನ್ನೂ ದೊಡ್ಡ ವ್ಯವಸ್ಥೆ ಬೇಕಾಯಿತು.

ಶ್ರೀಗಂಧ: ಕೊಳ್ಳುವವರು ಕೈತಪ್ಪಿದಾಗ

ಎರಡನೆಯ ಪ್ರಯೋಗದ ಹಿನ್ನೆಲೆ ಇದಕ್ಕೆ ತದ್ವಿರುದ್ಧವಾದುದು. ಟಿಪ್ಪು ಸುಲ್ತಾನನ ಕಾಲದಿಂದ ರಾಜವೃಕ್ಷವೆನಿಸಿದ್ದ ಶ್ರೀಗಂಧದ ಮೇಲೆ ಸಂಸ್ಥಾನಕ್ಕೆ ಏಕಸ್ವಾಮ್ಯವಿತ್ತು. ಸರ್ಕಾರ ಹರಾಜಿನಲ್ಲಿ ಮಾರುತ್ತಿದ್ದ ಮರದ ಬಹುಪಾಲು ಯೂರೋಪಿಗೆ, ಮುಖ್ಯವಾಗಿ ಜರ್ಮನಿಗೆ, ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾಗುತ್ತಲೇ ಈ ವ್ಯಾಪಾರ ಕಡಿದುಬಿದ್ದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೆ. ಜೆ. ಸಡ್‌ಬರೋ ಮತ್ತು ಎಚ್. ಇ. ವಾಟ್ಸನ್ ಅವರು ಎಣ್ಣೆಯನ್ನು ಬಟ್ಟಿ ಇಳಿಸುವ ಪ್ರಯೋಗಗಳನ್ನು ನಡೆಸಿದರು. ಕೈಗಾರಿಕಾ ನಿರ್ದೇಶಕರಾಗಿದ್ದ ಆಲ್ಫ್ರೆಡ್ ಚಾಟರ್ಟನ್ ಅವರ ಉಸ್ತುವಾರಿಯಲ್ಲಿ 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಕಾರ್ಖಾನೆಗಳು ಆರಂಭವಾದವು.

ಇಲ್ಲಿ ಕೌಶಲ ಹೊಸದು, ಸರಕು ಹಳೆಯದು. ಔಷಧ ಹಾಗೂ ಸುಗಂಧದ್ರವ್ಯಗಳ ತಯಾರಕರಿಗೆ ಗಂಧದೆಣ್ಣೆಯ ಪರಿಚಯ ಮೊದಲೇ ಇತ್ತು. ಕಚ್ಚಾವಸ್ತು ಸರ್ಕಾರದ ಕೈಯಲ್ಲಿದ್ದುದರಿಂದ ಪ್ರತಿಸ್ಪರ್ಧಿಗಳ ಬಲವೂ ಸೀಮಿತವಾಗಿತ್ತು. 1918ರಲ್ಲಿ ಆರಂಭವಾದ ಸಾಬೂನಿನ ಕಾರ್ಖಾನೆಗೆ ಇಂತಹ ಅನುಕೂಲ ಪೂರ್ತಿಯಾಗಿ ಇರಲಿಲ್ಲ. ಆಮದು ಸಾಬೂನುಗಳ ಎದುರು ಅದು ಮನೆಮನೆಯ ಬಳಕೆದಾರರ ಒಲವನ್ನು ಗಳಿಸಬೇಕಾಗಿತ್ತು. ಆದರೂ ನಾಡಿನ ಹೆಸರಿನೊಂದಿಗೆ ಬೆರೆತಿದ್ದ ಪರಿಮಳವೇ ಅದಕ್ಕೆ ಆಧಾರವಾಯಿತು.

ಭದ್ರಾವತಿ: ಬೆಲೆಗಳ ಕುಸಿತ

ಗೊತ್ತಾದ ಗ್ರಾಹಕರಾಗಲಿ ಏಕಸ್ವಾಮ್ಯವಾಗಲಿ ಇಲ್ಲದೆ ಆರಂಭವಾದುದು ಮೂರನೆಯ ಪ್ರಯೋಗ. ಬಾಬಾಬುಡನ್ ಬೆಟ್ಟಗಳ ಕೆಮ್ಮಣ್ಣುಗುಂಡಿಯಲ್ಲಿ ಉತ್ತಮ ಅದಿರಿತ್ತು, ಮಲೆನಾಡಿನಲ್ಲಿ ಕಾಡಿತ್ತು, ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಆದುದರಿಂದ ಇದ್ದಿಲಿನಿಂದ ಕಬ್ಬಿಣವನ್ನು ಕರಗಿಸುವ ವಿಧಾನವನ್ನು ಆರಿಸಿಕೊಳ್ಳಲಾಯಿತು. ಟಾಟಾ ಉಕ್ಕಿನ ಕಾರ್ಖಾನೆಯ ಸ್ಥಾಪನೆಯಲ್ಲಿಯೂ ಪಾಲ್ಗೊಂಡಿದ್ದ ಅಮೆರಿಕದ ತಜ್ಞ ಸಿ. ಪಿ. ಪೆರಿನ್ ಇದಕ್ಕೆ ಸಲಹೆಗಾರರಾಗಿದ್ದರು. ಸೌದೆಯನ್ನು ಇದ್ದಿಲಾಗಿಸುವಾಗ ಹೊರಬರುವ ಅನಿಲವನ್ನು ತಣಿಸಿ ಮರದ ಮದ್ಯಸಾರ, ಸುಣ್ಣದ ಅಸಿಟೇಟ್, ಟಾರು ಮೊದಲಾದ ಉಪೋತ್ಪನ್ನಗಳನ್ನು ಪಡೆದು ಮಾರಿದರೆ ಇಂಧನದ ವೆಚ್ಚವು ಇಳಿಯುವುದೆಂಬುದು ಯೋಜನೆಯ ಮುಖ್ಯ ಲೆಕ್ಕಾಚಾರ.

ಈ ಲೆಕ್ಕಾಚಾರವು ರೂಪುಗೊಂಡದ್ದು ಯುದ್ಧಕಾಲದ ಬೆಲೆಗಳ ನೆರಳಿನಲ್ಲಿ. ಆಗ ಕಬ್ಬಿಣ ದುಬಾರಿ. ಸ್ಫೋಟಕಗಳಿಗೆ ಬೇಕಾದ ಅಸಿಟೋನಿನ ಮೂಲವಾದ ಸುಣ್ಣದ ಅಸಿಟೇಟಿಗೆ ಅಪಾರ ಬೇಡಿಕೆ. 1923ರ ಜನವರಿಯಲ್ಲಿ ಬೆಂಕಿಪುರದಲ್ಲಿ, ಅಂದರೆ ಭದ್ರಾವತಿಯಲ್ಲಿ, ಕಾರ್ಖಾನೆ ಕೆಲಸ ಆರಂಭಿಸುವ ವೇಳೆಗೆ ಯುದ್ಧ ಮುಗಿದು ನಾಲ್ಕು ವರ್ಷಗಳಾಗಿದ್ದವು. ಬೀಡುಕಬ್ಬಿಣದ ಬೆಲೆ ಇಳಿದುಹೋಗಿತ್ತು. ಅದೇ 1923ರಲ್ಲಿ ಜರ್ಮನಿಯ ಲಾಯ್ನಾದಲ್ಲಿ ಬಿ.ಎ.ಎಸ್.ಎಫ್. ಸಂಸ್ಥೆಯು ಕೃತಕ ಮೆಥನಾಲಿನ ಉತ್ಪಾದನೆಯನ್ನು ಆರಂಭಿಸಿತು. ಸೌದೆಯಿಂದ ಮದ್ಯಸಾರ ತೆಗೆಯುವ ಉದ್ಯಮವು ಜಗತ್ತಿನಾದ್ಯಂತ ಇದರಿಂದ ಪೆಟ್ಟುತಿಂದಿತು. ಹೊಸದೆಂದು ತಂದ ತಂತ್ರವು ಹಳತಾಗುವ ಕಾಲ, ಕಾರ್ಖಾನೆಯ ಮೊದಲ ವರ್ಷದಲ್ಲಿಯೇ ಆರಂಭವಾಗಿತ್ತು. ಇದನ್ನು ಯೋಜಕರ ಅಜಾಗರೂಕತೆ ಎನ್ನುವುದು ಸರಿಯಲ್ಲ. ಲಭ್ಯವಿದ್ದ ತಿಳಿವಳಿಕೆಯ ಮಿತಿಯಲ್ಲಿ ಯೋಜನೆ ಸಮರ್ಥವಾಗಿಯೇ ಇತ್ತು.

ಸಂಸ್ಥಾನದ ರಾಜಕೀಯ ಸ್ಥಿತಿಯೂ ನೆರವಿಗೆ ಬರಲಿಲ್ಲ. ಸುಂಕದ ನೀತಿ ಬ್ರಿಟಿಷ್ ಭಾರತ ಸರ್ಕಾರದ ಕೈಯಲ್ಲಿತ್ತು. 1924ರ ಕಾಯಿದೆ ಉಕ್ಕಿನ ಉದ್ಯಮಕ್ಕೆ ರಕ್ಷಣೆ ನೀಡಿತು; ಭದ್ರಾವತಿ ಆಗ ತಯಾರಿಸುತ್ತಿದ್ದುದು ಬೀಡುಕಬ್ಬಿಣ. ಕಾರ್ಖಾನೆಯು ದೂರದ ಅಮೆರಿಕ, ಜಪಾನುಗಳಲ್ಲಿ ಕೊಳ್ಳುವವರನ್ನು ಅರಸಬೇಕಾಯಿತು.

ಮಾರ್ಪಾಡಿನ ಹಾದಿ

ದಿವಾನಗಿರಿಯನ್ನು ತೊರೆದಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ತಾವು ಕಂಡ ಕನಸಿನ ಲೆಕ್ಕಪತ್ರಗಳನ್ನು ತಾವೇ ತಿದ್ದಬೇಕಾದ ಹೊಣೆ ಅವರದಾಯಿತು. ಖರ್ಚಿನ ಕಡಿತ, ವಿದೇಶೀ ತಜ್ಞರ ಸ್ಥಾನಗಳಲ್ಲಿ ಸ್ಥಳೀಯರ ತರಬೇತಿ ಇವು ಮೊದಲ ಕ್ರಮಗಳು. ತಮಗೆ ಸಂದ ಸಂಭಾವನೆಯನ್ನು ಅವರು ವೃತ್ತಿಶಿಕ್ಷಣಕ್ಕೆ ಮೀಸಲಿರಿಸಿದುದೂ, ಅದರಿಂದ 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಆರಂಭವಾದುದೂ ಈ ಅನುಭವದ ಮುಂದುವರಿಕೆಯೇ ಆಗಿದೆ.

ಇದಕ್ಕಿಂತ ಮಹತ್ವದ್ದು ಸರಕಿನ ಬದಲಾವಣೆ. ಕಚ್ಚಾ ಕಬ್ಬಿಣವನ್ನು ದೂರದೇಶಗಳಿಗೆ ಮಾರುವ ಬದಲು ಹತ್ತಿರದ ಅಗತ್ಯಗಳಿಗೆ ಹೊಂದುವ ವಸ್ತುಗಳತ್ತ ಕಾರ್ಖಾನೆ ತಿರುಗಿತು. ನೀರು ಸರಬರಾಜಿಗೆ ಬೇಕಾದ ಎರಕದ ಕೊಳವೆಗಳು ತಯಾರಾದವು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1936ರಲ್ಲಿ, ಉಕ್ಕಿನ ಉತ್ಪಾದನೆ ಮೊದಲಾಯಿತು. ಆ ದಶಕದ ಕೊನೆಗೆ ಸಿಮೆಂಟಿನ ಘಟಕವೂ ಸೇರಿತು. ಈ ಅವಧಿಯುದ್ದಕ್ಕೂ ಸರ್ಕಾರ ಬಂಡವಾಳವನ್ನು ಹಿಂತೆಗೆಯದೆ ಕಾದಿತು. ಖಾಸಗಿ ಪಾಲುದಾರರಿಂದ ಇಂತಹ ತಾಳ್ಮೆಯನ್ನು ನಿರೀಕ್ಷಿಸುವುದು ಕಷ್ಟವಿತ್ತು. ಆ ತಾಳ್ಮೆಯ ಭಾರವನ್ನು ಹೊತ್ತವರು ಸಂಸ್ಥಾನದ ತೆರಿಗೆದಾರರು. ಇಂಧನವನ್ನು ಒದಗಿಸಿದುದು ಮಲೆನಾಡಿನ ಕಾಡು. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಗಿ, 1950ರ ದಶಕದಲ್ಲಿ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಬಂದ ಬಳಿಕವೇ ಇದ್ದಿಲಿನ ಮೇಲಿನ ಅವಲಂಬನೆ ತಗ್ಗಿತು. ಶಿವನಸಮುದ್ರದಲ್ಲಿ ಮೊದಲಾದ ಜಲವಿದ್ಯುತ್ತಿನ ಹಾದಿ ಹೀಗೆ ಭದ್ರಾವತಿಯ ಕುಲುಮೆಯನ್ನು ತಲುಪಿತು.

ಸಮಾರೋಪ

ಈ ಮೂರು ಪ್ರಯೋಗಗಳನ್ನು ಒಟ್ಟಿಗೆ ಇರಿಸಿ ನೋಡಿದಾಗ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಶಿವನಸಮುದ್ರದಲ್ಲಿ ತಾಂತ್ರಿಕ ಅಪಾಯ ಹೆಚ್ಚು, ಮಾರುಕಟ್ಟೆಯ ಅಪಾಯ ಕಡಿಮೆ. ಅದು ಬೇಗ ನೆಲೆಗೊಂಡಿತಾದರೂ ಅದರ ಫಲ ಮೊದಲು ಸಂದುದು ಕೆಲವರಿಗೆ ಮಾತ್ರ. ಗಂಧದೆಣ್ಣೆಗೆ ಏಕಸ್ವಾಮ್ಯದ ರಕ್ಷೆಯಿತ್ತು. ಭದ್ರಾವತಿಗೆ ಇವೆರಡೂ ಇಲ್ಲದುದರಿಂದ ಅದು ಉತ್ಪಾದನೆಗೆ ತೊಡಗಿದ ಮೇಲೆ ತನ್ನ ಗ್ರಾಹಕರನ್ನು ಕಂಡುಕೊಳ್ಳಬೇಕಾಯಿತು. ಲಾಭವನ್ನಷ್ಟೇ ಅಳತೆಗೋಲಾಗಿಸಿಕೊಂಡರೆ ಅದರ ಮೊದಲ ದಶಕ ಸೋಲೆನಿಸುತ್ತದೆ. ಕೊಳವೆ, ಉಕ್ಕು, ಸಿಮೆಂಟುಗಳ ತಯಾರಿಕೆಗೂ ನುರಿತ ಕೆಲಸಗಾರರ ಒಂದು ಪೀಳಿಗೆಗೂ ಆ ದಶಕವೇ ನೆಲೆಯೊದಗಿಸಿತೆಂಬುದನ್ನು ಪರಿಗಣಿಸಿದರೆ ಆ ತೀರ್ಪನ್ನು ಮರುಪರಿಶೀಲಿಸಬೇಕಾಗುತ್ತದೆ. ಸಂಸ್ಥಾನದ ಕೈಗಾರಿಕೀಕರಣವನ್ನು ಅಳೆಯುವವರು ಕಾರ್ಖಾನೆಯ ಸ್ಥಾಪನೆಯ ದಿನಾಂಕಕ್ಕೆ ನೀಡುವಷ್ಟೇ ಗಮನವನ್ನು ಅದು ತನ್ನನ್ನು ತಿದ್ದಿಕೊಂಡ ವರ್ಷಗಳಿಗೂ, ಆ ತಿದ್ದುಪಡಿಯ ವೆಚ್ಚವನ್ನು ಯಾರು ಭರಿಸಿದರೆಂಬುದಕ್ಕೂ ನೀಡುವುದು ಅವಶ್ಯಕ.