ಯಾರಿಗೆ ಹಣ, ಯಾವ ಪ್ರಶ್ನೆಗೆ ಹಣ: ಅಮೆರಿಕದ ಆರೋಗ್ಯ ಸಂಶೋಧನೆಯ ಒಂದು ಚರಿತ್ರೆ

ಅಮೆರಿಕದಲ್ಲಿ ಕಪ್ಪು ಜನರು ಬಿಳಿಯರಿಗಿಂತ ಬೇಗ ಸಾಯುವುದೇಕೆ ಎಂಬ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಿದ್ಧ ಉತ್ತರವೊಂದಿತ್ತು. ಪ್ರುಡೆನ್ಷಿಯಲ್ ವಿಮಾ ಕಂಪನಿಯ ಅಂಕಿಅಂಶ ತಜ್ಞ ಫ್ರೆಡರಿಕ್ ಹಾಫ್‌ಮನ್ 1896ರಲ್ಲಿ ಪ್ರಕಟಿಸಿದ ಗ್ರಂಥ, ಅದಕ್ಕೆ ಆ ಜನಾಂಗದ ಹುಟ್ಟುಗುಣವೇ ಕಾರಣ ಎಂದು ವಾದಿಸಿತು. ಅವರಿಗೆ ವಿಮೆ ನಿರಾಕರಿಸಲು ಈ ವಾದ ಅನುಕೂಲವಾಗಿತ್ತು. ಇದನ್ನು ಅಂಕಿಅಂಶಗಳಿಂದಲೇ ಎದುರಿಸಿದ ಕಪ್ಪು ಸಮಾಜಶಾಸ್ತ್ರಜ್ಞ ಡಬ್ಲ್ಯು.ಇ.ಬಿ. ಡು ಬೋಯಿಸ್ ಅವರ ಯುರೋಪಿನ ವಿದ್ಯಾಭ್ಯಾಸ ನಡೆದದ್ದು ಹಟ ಹಿಡಿದು ಪಡೆದ ಒಂದು ಧನಸಹಾಯದಿಂದ.

ಕಪ್ಪು ಜನರ ಶಿಕ್ಷಣಕ್ಕಾಗಿದ್ದ ಸ್ಲೇಟರ್ ನಿಧಿಯ ಮುಖ್ಯಸ್ಥರು ಮಾಜಿ ಅಧ್ಯಕ್ಷ ರುದರ್‌ಫೋರ್ಡ್ ಹೇಯ್ಸ್. ಯೋಗ್ಯ ಕಪ್ಪು ತರುಣನೊಬ್ಬ ಸಿಕ್ಕರೆ ಯುರೋಪಿಗೆ ಕಳಿಸಿ ಓದಿಸಲು ಸಿದ್ಧ, ಆದರೆ ಅಂಥವರು ಸಿಗುತ್ತಿಲ್ಲ ಎಂಬರ್ಥದ ಅವರ ಮಾತು 1890ರಲ್ಲಿ ಪತ್ರಿಕೆಯಲ್ಲಿ ಬಂತು. ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಡು ಬೋಯಿಸ್ ಅರ್ಜಿ ಹಾಕಿದರು. ಆ ಯೋಜನೆಯನ್ನೇ ಕೈಬಿಡಲಾಗಿದೆ ಎಂಬ ಉತ್ತರ ಬಂದಾಗ ಸುಮ್ಮನಾಗದೆ ಖಾರವಾಗಿಯೇ ಮತ್ತೆ ಬರೆದರು. ಕೊನೆಗೆ 1892ರಲ್ಲಿ 750 ಡಾಲರ್ ಮಂಜೂರಾಯಿತು. ಅದರಲ್ಲಿ ಅರ್ಧ ದಾನ, ಅರ್ಧ ಸಾಲ. ಹೇಯ್ಸ್ ಅವರನ್ನು ನ್ಯೂಯಾರ್ಕಿನಲ್ಲಿ ಕಂಡು ಹೊರಬಂದ ಸಂತೋಷದಲ್ಲಿ ಅಂಗಡಿಯೊಂದರಲ್ಲಿ ಕಂಡ ಮೂರು ಡಾಲರಿನ ಅಂಗಿಯೊಂದನ್ನು ಕೊಂಡದ್ದನ್ನು ಅವರು ಆತ್ಮಕಥೆಯಲ್ಲಿ ನೆನೆದಿದ್ದಾರೆ. ಅಷ್ಟು ಬೆಲೆಯ ಅಂಗಿಯನ್ನು ಅವರು ಅದುವರೆಗೆ ತೊಟ್ಟಿರಲಿಲ್ಲ. ಬರ್ಲಿನ್‌ನಲ್ಲಿ ಎರಡು ವರ್ಷ ಓದಿದ ಮೇಲೆ ನಿಧಿ ಸಹಾಯವನ್ನು ಮುಂದುವರಿಸಲಿಲ್ಲ. ಅಲ್ಲಿನ ಡಾಕ್ಟರೇಟ್ ಕೈತಪ್ಪಿತು. 1895ರಲ್ಲಿ ಹಾರ್ವರ್ಡ್‌ನಿಂದ ಪಿಎಚ್‌ಡಿ ಪಡೆದರು.

ಮರುವರ್ಷ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಅವರನ್ನು ಫಿಲಡೆಲ್ಫಿಯಾದ ಏಳನೆಯ ವಾರ್ಡಿನ ಅಧ್ಯಯನಕ್ಕೆ ನೇಮಿಸಿತು. ಹುದ್ದೆ ತಾತ್ಕಾಲಿಕ, ವಿಶ್ವವಿದ್ಯಾಲಯದ ಕೈಪಿಡಿಯಲ್ಲಿ ಅವರ ಹೆಸರೂ ಅಚ್ಚಾಗಲಿಲ್ಲ. ಅವರು ಪ್ರಶ್ನಾವಳಿ ಹಿಡಿದು ಸುಮಾರು 2,500 ಮನೆಗಳ ಬಾಗಿಲು ತಟ್ಟಿದರು. 1899ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಆರೋಗ್ಯಕ್ಕೇ ಒಂದು ಅಧ್ಯಾಯವಿದೆ. 1906ರಲ್ಲಿ ಅಟ್ಲಾಂಟಾ ವಿಶ್ವವಿದ್ಯಾಲಯದಿಂದ ಬಂದ ವರದಿಯಲ್ಲಿ, ಕ್ಷಯವೂ ಶಿಶುಮರಣವೂ ಹೆಚ್ಚಿರುವುದು ಬಾಳುವ ಪರಿಸ್ಥಿತಿಯಿಂದಲೇ ಹೊರತು ಜನಾಂಗದಿಂದಲ್ಲ ಎಂದು ತೋರಿಸಿದರು. ಇಂದು ಆರೋಗ್ಯ ಸಮಾನತೆ ಎಂಬ ಹೆಸರಿನಲ್ಲಿ ನಡೆಯುವ ಅಧ್ಯಯನದ ಬುನಾದಿ ಅಲ್ಲಿದೆ.

ಅಂಥ ಕೆಲಸ ಮುಂದುವರಿಸಬಲ್ಲವರನ್ನು ತಯಾರು ಮಾಡುವ ಸಂಸ್ಥೆಗಳು ಆ ಬಳಿಕ ಬೆಳೆಯುವ ಬದಲು ಕುಗ್ಗಿದವು. ವೈದ್ಯ ಶಿಕ್ಷಣದ ಬಗ್ಗೆ 1910ರಲ್ಲಿ ಬಂದ ಫ್ಲೆಕ್ಸ್‌ನರ್ ವರದಿಯ ನಂತರ ಕಪ್ಪು ವಿದ್ಯಾರ್ಥಿಗಳ ಏಳು ವೈದ್ಯಕೀಯ ಕಾಲೇಜುಗಳಲ್ಲಿ ಹೊವಾರ್ಡ್ ಮತ್ತು ಮೆಹಾರಿ ಮಾತ್ರ ಉಳಿದವು. ಇಲ್ಲಿನ ವೈದ್ಯರಿಗೆ ಸಂಶೋಧನೆಯ ದಾರಿ ತೋರಿದ್ದು ಖಾಸಗಿ ನಿಧಿಗಳು. ರಾಕ್‌ಫೆಲರ್ ಹಣದ ಜನರಲ್ ಎಜುಕೇಷನ್ ಬೋರ್ಡ್ 1938ರಲ್ಲಿ ಕೊಟ್ಟ ಫೆಲೋಶಿಪ್‌ನಿಂದ ಹೊವಾರ್ಡ್‌ನ ಯುವ ಶಸ್ತ್ರಚಿಕಿತ್ಸಕ ಚಾರ್ಲ್ಸ್ ಡ್ರೂ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಎರಡೇ ವರ್ಷಗಳಲ್ಲಿ ರಕ್ತನಿಧಿಯ ಮೇಲಿನ ಪ್ರಬಂಧ ಮುಗಿಸಿ, ಯುದ್ಧಕಾಲದ ಬ್ರಿಟನ್‌ಗೆ ಪ್ಲಾಸ್ಮಾ ಕಳಿಸುವ ಕಾರ್ಯದ ಮುಂದಾಳಾದರು.

ಖಾಸಗಿ ಹಣ ನಿಂತಾಗ ಏನಾಗುತ್ತದೆ ಎಂಬುದಕ್ಕೆ ಅಲಬಾಮಾದ ಮೇಕನ್ ಕೌಂಟಿ ಸಾಕ್ಷಿ. ರೋಸನ್‌ವಾಲ್ಡ್ ನಿಧಿ ಅಲ್ಲಿ ಸಿಫಿಲಿಸ್ ಚಿಕಿತ್ಸೆಯ ಯೋಜನೆಗೆ ಹಣ ಕೊಡುತ್ತಿತ್ತು. ಆರ್ಥಿಕ ಕುಸಿತದ ಕಾಲದಲ್ಲಿ ನಿಧಿ ಹಿಂದೆ ಸರಿಯಿತು. ಸರ್ಕಾರಿ ಆರೋಗ್ಯ ಸೇವೆ 1932ರಲ್ಲಿ ಅದೇ ಊರಿನಲ್ಲಿ, ಚಿಕಿತ್ಸೆ ಕೊಡದೆ ರೋಗವನ್ನು ಗಮನಿಸುತ್ತ ಹೋಗುವ ಟಸ್ಕಿಗೀ ಅಧ್ಯಯನ ಆರಂಭಿಸಿತು. ಸುಮಾರು 600 ಕಪ್ಪು ಪುರುಷರನ್ನು ಅದರಲ್ಲಿ ಸೇರಿಸಿಕೊಳ್ಳಲಾಗಿತ್ತು. ಪೆನಿಸಿಲಿನ್ ಬಂದ ಮೇಲೂ ರೋಗಿಗಳಿಗೆ ಅದನ್ನು ಕೊಡಲಿಲ್ಲ. ಈ ಘೋರ ಕೃತ್ಯ 1972ರಲ್ಲಿ ಪತ್ರಿಕೆಗಳ ಮೂಲಕ ಬಯಲಾಯಿತು.

ಅದೇ 1972ರಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಮೂಹ, ಅಂದರೆ ಎನ್‌ಐಎಚ್, ಅಲ್ಪಸಂಖ್ಯಾತ ವಿದ್ಯಾರ್ಥಿಗಳು ಹೆಚ್ಚಿರುವ ಕಾಲೇಜುಗಳಿಗೆ ಜೀವವೈದ್ಯಕೀಯ ಸಂಶೋಧನೆಯ ನೆರವು ಆರಂಭಿಸಿತು. ಮಾರ್ಕ್ ಎಂಬ ತರಬೇತಿ ಯೋಜನೆಯೂ ಆ ದಶಕದ್ದೇ. ರಾಬರ್ಟ್ ವುಡ್ ಜಾನ್ಸನ್ ಪ್ರತಿಷ್ಠಾನ 1983ರಲ್ಲಿ ಯುವ ವೈದ್ಯ ಅಧ್ಯಾಪಕರಿಗಾಗಿ ನಾಲ್ಕು ವರ್ಷದ ನೆರವು ತಂದಿತು. ಮುಂದೆ ಅದಕ್ಕೆ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ವಿಭಾಗ ಮುಖ್ಯಸ್ಥರಾದ ಮೊದಲ ಆಫ್ರಿಕನ್ ಅಮೆರಿಕನ್ ಹೆರಾಲ್ಡ್ ಏಮೋಸ್ ಅವರ ಹೆಸರಿಟ್ಟರು.

ಆರೋಗ್ಯ ಕಾರ್ಯದರ್ಶಿ ಮಾರ್ಗರೆಟ್ ಹೆಕ್ಲರ್ 1985ರಲ್ಲಿ ಹೊರತಂದ ವರದಿ, ಕಪ್ಪು ಜನರಲ್ಲಿ ವರ್ಷಕ್ಕೆ ಸುಮಾರು 60,000 ಸಾವುಗಳು ಅಧಿಕ ಎಂದು ಲೆಕ್ಕ ಕೊಟ್ಟಿತು. ಸರ್ಕಾರವೇ ಈ ಲೆಕ್ಕ ಒಪ್ಪಿದ ಮೇಲೆ ವಿಷಯವನ್ನು ಬದಿಗಿಡುವುದು ಕಷ್ಟವಾಯಿತು. 1990ರಲ್ಲಿ ಎನ್‌ಐಎಚ್‌ನಲ್ಲಿ ಈ ವಿಷಯಕ್ಕೆಂದೇ ಪ್ರತ್ಯೇಕ ಕಚೇರಿ ತೆರೆಯಿತು. 2000ದ ಕಾಯ್ದೆಯಿಂದ ಅದು ಕೇಂದ್ರವಾಯಿತು, 2010ರಲ್ಲಿ ಪೂರ್ಣ ಸಂಸ್ಥೆಯಾಯಿತು. 2000ದ ಕಾಯ್ದೆ ತಂದ ಸಾಲ ತೀರಿಸುವ ಯೋಜನೆ ವಿಶೇಷ ಗಮನಕ್ಕೆ ಅರ್ಹ. ಓದಿನ ಸಾಲದ ಹೊರೆ ಹೊತ್ತ ಬಡ ಮನೆಯ ವೈದ್ಯರಿಗೆ ಕಡಿಮೆ ಸಂಬಳದ ಸಂಶೋಧನೆ ಕೈಗೆಟಕದ ಮಾತು. ಆರೋಗ್ಯ ಅಸಮಾನತೆಯ ಅಧ್ಯಯನಕ್ಕೆ ಎರಡು ವರ್ಷ ಮೀಸಲಿಟ್ಟರೆ ಸಾಲದ ಒಂದು ಭಾಗವನ್ನು ಸರ್ಕಾರವೇ ಕಟ್ಟುತ್ತಿತ್ತು. ಪ್ರತಿಭೆ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಸರಿಯಾಗಿ ಗುರುತಿಸಿದ ಯೋಜನೆ ಇದು.

ಆದರೂ ಅನುದಾನದ ಮುಖ್ಯ ದಾರಿ ಇಕ್ಕಟ್ಟಾಗಿಯೇ ಉಳಿದಿತ್ತು. ಅರ್ಥಶಾಸ್ತ್ರಜ್ಞೆ ಡೋನಾ ಗಿಂಥರ್ ಮತ್ತು ಸಂಗಡಿಗರು 2000ರಿಂದ 2006ರವರೆಗಿನ ಸುಮಾರು 83,000 ಅರ್ಜಿಗಳನ್ನು ಪರಿಶೀಲಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಹತೆ, ತರಬೇತಿ, ಪ್ರಕಟಣೆಗಳನ್ನು ಗಣನೆಗೆ ತೆಗೆದುಕೊಂಡ ಮೇಲೂ ಕಪ್ಪು ಸಂಶೋಧಕರಿಗೆ ಹಣ ಸಿಗುವ ಸಾಧ್ಯತೆ ಬಿಳಿಯರಿಗಿಂತ 10 ಶೇಕಡಾಂಶ ಕಡಿಮೆ ಇತ್ತು. 2019ರ ಇನ್ನೊಂದು ಅಧ್ಯಯನ ಒಂದು ಕಾರಣವನ್ನು ಹೊರಗೆಳೆಯಿತು: ಸಮುದಾಯದ ಆರೋಗ್ಯ, ಅಸಮಾನತೆಯಂಥ ವಿಷಯಗಳನ್ನು ಕಪ್ಪು ಸಂಶೋಧಕರು ಹೆಚ್ಚಾಗಿ ಆರಿಸಿಕೊಳ್ಳುತ್ತಾರೆ, ಆ ವಿಷಯಗಳಿಗೇ ಅನುದಾನ ಕಡಿಮೆ. ಅಂತರದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಇದರಿಂದಲೇ ಆಗುತ್ತಿತ್ತು. ವ್ಯಕ್ತಿಗೆ ಬಾಗಿಲು ತೆರೆದು ಅವನ ಪ್ರಶ್ನೆಯನ್ನು ಹೊಸ್ತಿಲಾಚೆ ನಿಲ್ಲಿಸುವ ವ್ಯವಸ್ಥೆ ಇದು. ಎಳೆಯ ವಿದ್ವಾಂಸರಿಗೆ ಇದರ ಪೆಟ್ಟು ದೊಡ್ಡದು, ಏಕೆಂದರೆ ಮೊದಲ ಅನುದಾನ ಸಿಗದಿದ್ದರೆ ಖಾಯಂ ಹುದ್ದೆಯೂ ದೂರವಾಗುತ್ತದೆ.

ಮೊದಲ ಅಧ್ಯಯನಕ್ಕೆ ಉತ್ತರವಾಗಿ ಎನ್‌ಐಎಚ್ 2014ರಲ್ಲಿ ಕಾಲೇಜು ಮಟ್ಟದ ತರಬೇತಿ ಮತ್ತು ಮಾರ್ಗದರ್ಶಕರ ರಾಷ್ಟ್ರೀಯ ಜಾಲಕ್ಕೆ ಹಣ ತೆಗೆದಿಟ್ಟಿತು. 2025ರಲ್ಲಿ ಗಾಳಿ ತಿರುಗಿತು. ಟ್ರಂಪ್ ಸರ್ಕಾರ ವೈವಿಧ್ಯ ಮತ್ತು ಸಮಾನತೆಗೆ ಸಂಬಂಧಿಸಿದ ನೂರಾರು ಅನುದಾನಗಳನ್ನು ನಡುವೆಯೇ ರದ್ದು ಮಾಡಿತು. ಮಾರ್ಕ್ ಯೋಜನೆಯೂ ನಿಂತಿತು. ಬಾಸ್ಟನ್‌ನ ಫೆಡರಲ್ ನ್ಯಾಯಾಧೀಶ ವಿಲಿಯಂ ಯಂಗ್ ಜೂನ್‌ನಲ್ಲಿ ಈ ರದ್ದತಿಗಳನ್ನು ಅಕ್ರಮ ಎಂದರು. ಸುಪ್ರೀಂ ಕೋರ್ಟ್ ಆಗಸ್ಟ್‌ನಲ್ಲಿ 5-4ರ ಬಹುಮತದಿಂದ ಹಣ ತಡೆಹಿಡಿಯಲು ಅವಕಾಶ ಕೊಟ್ಟು, ಅನುದಾನ ಕಳೆದುಕೊಂಡವರು ಹಣಕ್ಕಾಗಿ ಬೇರೊಂದು ನ್ಯಾಯಾಲಯಕ್ಕೆ ಹೋಗಬೇಕೆಂದಿತು. ರದ್ದತಿಯ ಹಿಂದಿದ್ದ ಮಾರ್ಗಸೂಚಿಗಳನ್ನು ತಳ್ಳಿಹಾಕಿದ ಕೆಳ ನ್ಯಾಯಾಲಯದ ತೀರ್ಪನ್ನು ಮಾತ್ರ ಅದು ತಡೆಯಲಿಲ್ಲ.