ಕೊಡಗಿನ ಕಡಂಗಗಳೂ ಸತ್ಯವಾಕ್ಯ ಜಿನಾಲಯವೂ

ಬಸದಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಶಿಲೆಯ ಗರ್ಭಗೃಹ, ನವರಂಗ, ಮಾನಸ್ತಂಭ. ಮಣ್ಣನ್ನು ಯಾರೂ ನೆನೆಯುವುದಿಲ್ಲ. ಆದರೆ ಕೊಡಗಿನಲ್ಲಿ ನಮ್ಮ ಧರ್ಮದ ಅತಿ ಪ್ರಾಚೀನ ದಾಖಲೆಗಳಲ್ಲಿ ಒಂದು, ಕಾಡಿನೊಳಗಣ ಮಣ್ಣಿನ ಏರಿಗಳೊಡನೆ ಹೆಣೆದುಕೊಂಡಿದೆ. ಈ ಪ್ರತಿಷ್ಠಾ ಮಹೋತ್ಸವದ ಸಂದರ್ಭದಲ್ಲಿ ಅದನ್ನು ಧರ್ಮಬಂಧುಗಳ ಗಮನಕ್ಕೆ ತರಬೇಕೆನಿಸಿತು. ನಾನು ಪಂಡಿತನಲ್ಲ, ವ್ಯಾಪಾರ ನಿಮಿತ್ತ ಕೊಡಗಿನ ದಾರಿ ತುಳಿದವನು, ಬಿಡುವಿನಲ್ಲಿ ಶಾಸನ ಸಂಪುಟಗಳನ್ನು ತಿರುವಿದವನು.

ಕೊಡಗಿನ ಬೆಟ್ಟ, ಕಾಡು, ಗದ್ದೆಗಳ ನಡುವೆ ಮೈಲಿಗಟ್ಟಲೆ ಸಾಗುವ ಆಳವಾದ ಕಂದಕಗಳಿಗೆ ಅಲ್ಲಿಯ ಜನ ಕಡಂಗ ಎನ್ನುತ್ತಾರೆ. ಅಗೆದ ಮಣ್ಣನ್ನೇ ಪಕ್ಕದಲ್ಲಿ ಏರಿಯಾಗಿ ಒಟ್ಟಿದ್ದಾರೆ. ಕೆಲವು ನೇರವಾಗಿ ಹೋಗುತ್ತವೆ, ಕೆಲವು ಕವಲೊಡೆಯುತ್ತವೆ, ಇನ್ನು ಕೆಲವು ಬೆಟ್ಟದ ನೆತ್ತಿಯನ್ನೇ ಬಳಸಿ ನಿಲ್ಲುತ್ತವೆ. 1817ರ ಸುಮಾರಿಗೆ ಕೊಡಗನ್ನು ಮೋಜಣಿ ಮಾಡಿದ ಲೆಫ್ಟಿನೆಂಟ್ ಕಾನರ್ ಇವುಗಳನ್ನು ಕಂಡು ಬೆರಗಾದನು. ಆ ಶತಮಾನದ ಬರಹಗಳ ಪ್ರಕಾರ ಏರಿಯ ಎತ್ತರ 15ರಿಂದ 25 ಅಡಿ. ಕಂದಕದ ಆಳ 10 ಅಡಿ, ಅಗಲ 8ರಿಂದ 10 ಅಡಿ. ಒಟ್ಟು ಉದ್ದ 500ರಿಂದ 600 ಮೈಲಿ. ಕೆಲವನ್ನು ಅರಸರು ರಾಜ್ಯದ ರಕ್ಷಣೆಗೆ ಕಟ್ಟಿಸಿದರು, ಕೆಲವನ್ನು ಒಂದು ನಾಡಿನವರು ಇನ್ನೊಂದು ನಾಡಿನವರ ವಿರುದ್ಧ ತೋಡಿಕೊಂಡರು ಎಂಬ ಅಭಿಪ್ರಾಯವೂ ಅಲ್ಲಿಯೇ ಇದೆ.

ಅಂಗಡಿಯ ಲೆಕ್ಕದ ಚಾಳಿ ಬಿಡದು. ಒಂದು ಮೈಲಿ ಕಂದಕಕ್ಕೆ ಸುಮಾರು 4,75,000 ಘನ ಅಡಿ ಮಣ್ಣು ತೆಗೆಯಬೇಕು. ಒಬ್ಬ ಆಳು ದಿನಕ್ಕೆ 50 ಘನ ಅಡಿ ಅಗೆದು ಮೇಲೆ ಹಾಕುವನೆಂದರೂ, ನೂರು ಆಳುಗಳಿಗೆ ಮೂರು ತಿಂಗಳಿಗೂ ಮಿಕ್ಕ ಕೆಲಸವಾಯಿತು. ಮಳೆಗಾಲದಲ್ಲಿ ಅಲ್ಲಿ ಗುದ್ದಲಿ ಹಾಕುವಂತಿಲ್ಲ. ಗದ್ದೆಯ ಕೆಲಸವನ್ನೂ ನಿಲ್ಲಿಸುವಂತಿಲ್ಲ. ಊರೂರುಗಳೇ ಸೇರಿ ವರ್ಷಾನುವರ್ಷ ದುಡಿಯದೆ ಇಂತಹುದು ಆಗುವ ಮಾತಲ್ಲ.

ಇಂತಹ ಏರಿಗಳನ್ನು ಓದುವ ಕ್ರಮವೊಂದಿದೆ. ಕಂದಕವು ಏರಿಯ ಹೊರಮಗ್ಗುಲಲ್ಲಿದ್ದರೆ ಒಳಗಿನವರು ಹೊರಗಿನವರನ್ನು ತಡೆದರೆಂದು ಊಹಿಸಬಹುದು. ಒಳಮಗ್ಗುಲಲ್ಲಿದ್ದರೆ ಒಳಗಿದ್ದುದನ್ನು ಹೊರಗೆ ಬಿಡಬಾರದೆಂಬುದು ಉದ್ದೇಶ. ಇಂಗ್ಲೆಂಡಿನಲ್ಲಿ ಮಧ್ಯಯುಗದ ಪ್ರಭುಗಳು ಜಿಂಕೆಗಳನ್ನು ಕೂಡಿಹಾಕಲು ಕಾಡಿನ ಸುತ್ತ ಕಟ್ಟಿದ ಏರಿಗಳಿಗೆ ಕಂದಕ ಒಳಗಡೆಯೇ ಇರುತ್ತದೆ. ಅಲ್ಲಿ ಈಗ ವಿಮಾನದಿಂದ ಲೇಸರ್ ಕಿರಣ ಹಾಯಿಸಿ, ಮರಗಳ ಅಡಿಯ ನೆಲದ ಉಬ್ಬುತಗ್ಗುಗಳನ್ನು ಚಿತ್ರಿಸುತ್ತಾರೆ. ಕಾಲವನ್ನು ತಿಳಿಯಬೇಕಾದರೆ ಮಾತ್ರ ಏರಿಯನ್ನು ಅಡ್ಡಲಾಗಿ ಸೀಳಿ, ಅದರಡಿಯ ಹಳೆಯ ನೆಲದಲ್ಲಿ ಸಿಕ್ಕಿದ ಇದ್ದಿಲು, ಮಡಕೆ ಚೂರುಗಳನ್ನು ಪರೀಕ್ಷಿಸಬೇಕು. ಮಣ್ಣು ತನ್ನ ಹುಟ್ಟಿದ ವರ್ಷವನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಇಲ್ಲಿಯೇ ನಮ್ಮ ಶಾಸನಗಳ ಮಹತ್ವ ತಿಳಿಯುವುದು. ಬಿ. ಎಲ್. ರೈಸ್ ಅವರು 1886ರಲ್ಲಿ ಪ್ರಕಟಿಸಿದ ಕೊಡಗಿನ ಶಾಸನಗಳ ಸಂಪುಟದಲ್ಲಿ ಬಿಳಿಯೂರಿನ ಒಂದು ಶಾಸನವಿದೆ. ಶಕವರ್ಷ 809ರ ಫಾಲ್ಗುಣ ಶುಕ್ಲ ಪಂಚಮಿಯಂದು, ಎಂದರೆ ಕ್ರಿ. ಶ. 888ರಲ್ಲಿ, ಗಂಗ ದೊರೆ ಸತ್ಯವಾಕ್ಯ ಕೊಂಗುಣಿವರ್ಮ ಪೆರ್ಮಾನಡಿಯು ತನ್ನ ಆಳಿಕೆಯ 18ನೆಯ ವರ್ಷದಲ್ಲಿ, ಶಿವನಂದಿ ಸಿದ್ಧಾಂತ ಭಟ್ಟಾರರ ಶಿಷ್ಯರಾದ ಸರ್ವಣಂದಿ ದೇವರಿಗೆ ಬಿಳಿಯೂರಿನ ಹನ್ನೆರಡು ಹಳ್ಳಿಗಳನ್ನು ಧಾರೆಯೆರೆದನು. ಯಾವುದಕ್ಕಾಗಿ? ಪೆನ್ನೆಕಡಂಗದ ಸತ್ಯವಾಕ್ಯ ಜಿನಾಲಯಕ್ಕಾಗಿ. ದೊರೆಯ ಬಿರುದು ಜಿನಾಲಯಕ್ಕೆ, ಕಂದಕದ ಹೆಸರು ಊರಿಗೆ! ಊರಿಗೆ ಹೆಸರಾಗುವಷ್ಟರ ಮಟ್ಟಿಗೆ ಆ ಕಡಂಗವು ಆಗಲೇ ಹಳೆಯದಾಗಿತ್ತೆಂದು ನನ್ನ ಎಣಿಕೆ. ದಾನಕ್ಕೆ ಸಾಕ್ಷಿಯಾಗಿ ನಿಂತವರಲ್ಲಿ ಸಾಮಂತರ ಜೊತೆಗೆ ಎಂಟು ಒಕ್ಕಲುಗಳೂ ಇದ್ದಾರೆ. ಕಾವಲು ಮಲೆಸಾಸಿರ್ವರದು.

ಎರಡನೆಯದು ಪೆಗ್ಗೂರಿನ ಶಾಸನ, ಶಕವರ್ಷ 899ರದು. ರಾಚಮಲ್ಲನ ತಮ್ಮನಾದ ರಕ್ಕಸನು ಬೆದ್ದೊರೆಗರೆಯನ್ನು ಆಳುತ್ತಿದ್ದಾಗ, ಫಾಲ್ಗುಣದ ನಂದೀಶ್ವರ ಪರ್ವದಲ್ಲಿ, ಶ್ರೀ ಬೆಳ್ಗೊಳದ ಗುರುಪರಂಪರೆಗೆ ಸೇರಿದ ಅನಂತವೀರ್ಯರು ಪೆರ್ಗ್ಗದೂರನ್ನೂ ‘ಪೊಸವಾದಗ’ವನ್ನೂ ಪಡೆದರೆಂದು ಅದು ತಿಳಿಸುತ್ತದೆ. ಪೊಸವಾದಗವೆಂದರೆ ಹೊಸ ಕಂದಕವೆಂದು ರೈಸ್ ಅವರ ಅರ್ಥ. ಹೊಸತೆಂದ ಮೇಲೆ ಹಳೆಯದೂ ಇದ್ದಿರಲೇಬೇಕಷ್ಟೆ. ವಿಂಧ್ಯಗಿರಿಯ ಮೇಲೆ ಗೊಮ್ಮಟೇಶ್ವರನು ನೆಲೆನಿಂತದ್ದು ಇದಾದ ಕೆಲವೇ ವರ್ಷಗಳಲ್ಲಿ. ಆ ರಾಚಮಲ್ಲನ ಮಂತ್ರಿಯೇ ಚಾವುಂಡರಾಯ.

ಹೀಗೆ ಕಡಂಗಗಳು 9 ಮತ್ತು 10ನೆಯ ಶತಮಾನದಲ್ಲಿಯೇ ಇದ್ದುವೆಂಬುದಕ್ಕೆ ಆಧಾರವಾದ ಎರಡು ಶಾಸನಗಳೂ ಜೈನ ದಾನಶಾಸನಗಳೇ ಆಗಿವೆ. ಮುನಿಗಳಿಗೆ ಕಂದಕವೇತಕ್ಕೆ ಎಂದು ಕೆಲವರು ನಗಬಹುದು. ಪಡೆದದ್ದು ಕಂದಕವನ್ನಲ್ಲ, ಅದು ಸುತ್ತುವರಿದ ನೆಲವನ್ನು ಎಂದು ನಾನು ತಿಳಿಯುತ್ತೇನೆ. ಮಲೆನಾಡಿನಲ್ಲಿ ಕಡಂಗವೇ ಎಲ್ಲೆ, ಕಡಂಗವೇ ಕೋಟೆ.

ಮುಳ್ಳೂರಿನ ಬಸದಿಗಳನ್ನು ನಾವು ಬಲ್ಲೆವು. ರಾಜೇಂದ್ರ ಕೊಂಗಾಳ್ವನೂ ಅವನ ತಾಯಿ ಪೋಚಬ್ಬರಸಿಯೂ 1058ರಲ್ಲಿ ಮಾಡಿದ ದಾನಗಳನ್ನು ಅಲ್ಲಿಯ ಕಲ್ಲುಗಳೇ ಹೇಳುತ್ತವೆ. ಅದಕ್ಕಿಂತ 170 ವರ್ಷ ಹಿಂದಿನ ಪೆನ್ನೆಕಡಂಗದ ಜಿನಾಲಯವಾದರೋ ನಮ್ಮವರ ಬಾಯಲ್ಲೇ ಇಲ್ಲ. ಅದರ ನೆಲೆಯನ್ನು ಅರಸುವವರಿಗೆ ಶಾಸನ ಕೊಡುವ ಗುರುತು ಒಂದೇ: ಕಡಂಗ. ಆ ಗುರುತೂ ಇಂದು ಸವೆಯುತ್ತಿದೆ. ಗುದ್ದಲಿಗೆ ಮೂರು ತಿಂಗಳು ಹಿಡಿದದ್ದನ್ನು ಮಣ್ಣು ತಳ್ಳುವ ಯಂತ್ರವು ಕೆಲವೇ ದಿನಗಳಲ್ಲಿ ಸಮತಟ್ಟು ಮಾಡಬಲ್ಲುದು. ಕೊಡಗಿನಲ್ಲಿ ತೋಟವುಳ್ಳ ಧರ್ಮಬಂಧುಗಳು, ತಮ್ಮ ಜಾಗದಲ್ಲಿ ಕಡಂಗವಿದ್ದರೆ, ಅದರ ಉದ್ದ ಆಳಗಳನ್ನು ಅಳೆದು, ಕಂದಕವು ಯಾವ ಮಗ್ಗುಲಲ್ಲಿದೆಯೆಂಬುದನ್ನು ಬರೆದಿಟ್ಟು, ಹತ್ತಿರದಲ್ಲಿ ಕಡೆದ ಕಲ್ಲು ಕಂಡರೆ ಪುರಾತತ್ವ ಇಲಾಖೆಗೆ ತಿಳಿಸಬೇಕಾಗಿ ವಿನಂತಿ.