ಟೆಥಿಸ್ ಸಾಗರ

ಟೆಥಿಸ್ ಸಾಗರವು ಗೊಂಡ್ವಾನ ಮತ್ತು ಯುರೇಷ್ಯಾ ಭೂಭಾಗಗಳ ನಡುವೆ ಹರಡಿಕೊಂಡಿದ್ದು, ಈಗ ಬಹುಮಟ್ಟಿಗೆ ಕಣ್ಮರೆಯಾಗಿರುವ ಪ್ರಾಚೀನ ಸಾಗರ. ಆಸ್ಟ್ರಿಯದ ಭೂವಿಜ್ಞಾನಿ ಎಡ್ವರ್ಡ್ ಸ್ಯೂಸ್ 1893ರಲ್ಲಿ ಇದಕ್ಕೆ ಗ್ರೀಕ್ ಪುರಾಣದ ಸಮುದ್ರದೇವತೆಯ ಹೆಸರನ್ನಿಟ್ಟರು. ಈ ಸಾಗರ ಬತ್ತಿಹೋಗಲಿಲ್ಲ. ಅದರ ತಳವೇ ಏಷ್ಯಾದ ಅಡಿಗೆ ಜಾರಿ ಭೂಗರ್ಭ ಸೇರಿತು.

ಮುಚ್ಚಿಹೋದ ಬಗೆ

ಸಾಗರತಳದ ಶಿಲಾಫಲಕವು ಹುಟ್ಟುವಾಗ ಬಿಸಿಯಾಗಿದ್ದು, ಕಾಲ ಕಳೆದಂತೆ ತಣಿದು ಭಾರವಾಗುತ್ತದೆ. ಅದರ ಅಂಚು ಒಮ್ಮೆ ಮ್ಯಾಂಟಲ್‌ಗೆ ಇಳಿಯತೊಡಗಿದರೆ ಉಳಿದ ಭಾಗವನ್ನೂ ಹಿಂದೆಯೇ ಎಳೆದುಕೊಳ್ಳುತ್ತದೆ. ಮಡಗಾಸ್ಕರ್‌ನಿಂದ ಸುಮಾರು 9 ಕೋಟಿ ವರ್ಷಗಳ ಹಿಂದೆ ಬೇರ್ಪಟ್ಟ ಭಾರತ ಮುಂದೆ ವರ್ಷಕ್ಕೆ 15 ಸೆಂ.ಮೀ.ಗೂ ಮಿಗಿಲಾದ ವೇಗದಲ್ಲಿ ಉತ್ತರಕ್ಕೆ ಸಾಗಿದುದರಲ್ಲಿ ಈ ಎಳೆತದ ಪಾತ್ರ ದೊಡ್ಡದು.

ಮುಳುಗಿದ ಫಲಕವೇ ಕರಗಿ ಲಾವಾ ಆಗುತ್ತದೆಂಬ ತಿಳಿವಳಿಕೆ ವ್ಯಾಪಕವಾಗಿದೆ. ಅದು ಅಷ್ಟು ಸರಿಯಲ್ಲ. ಸುಮಾರು 100 ಕಿ.ಮೀ. ಆಳದಲ್ಲಿ ಫಲಕದ ಖನಿಜಗಳಲ್ಲಿ ಬಂಧಿತವಾಗಿದ್ದ ನೀರು ಹೊರಬಿದ್ದು ಮೇಲಿನ ಮ್ಯಾಂಟಲ್ ಶಿಲೆಯನ್ನು ಸೇರುತ್ತದೆ. ನೀರು ಬೆರೆತ ಶಿಲೆ ಕಡಿಮೆ ಉಷ್ಣತೆಯಲ್ಲೇ ಕರಗುವುದರಿಂದ ಶಿಲಾಪಾಕ ಉಂಟಾಗಿ ಮೇಲೇರುತ್ತದೆ. ಹೀಗೆ ಫಲಕದ ಅಂಚಿಗೆ ಸಮಾನಾಂತರವಾಗಿ ಜ್ವಾಲಾಮುಖಿಗಳ ಸಾಲು ಏಳುತ್ತದೆ. ಟೆಥಿಸ್ ಇಂತಹ ಎರಡು ಸಾಲುಗಳನ್ನು ಬಿಟ್ಟುಹೋಗಿದೆ. ಒಂದು, ಸಾಗರದ ನಡುವೆಯೇ ಎದ್ದ ಕೊಹಿಸ್ತಾನ್-ಲಡಾಖ್ ದ್ವೀಪಸರಣಿ. ಇನ್ನೊಂದು, ದಕ್ಷಿಣ ಟಿಬೆಟ್‌ನ ಗ್ಯಾಂಗ್‌ಡೀಸ್ ಶ್ರೇಣಿ; ಇದು ಇಂದಿನ ಆಂಡೀಸ್‌ನಂತೆ ಖಂಡದ ಅಂಚಿನಲ್ಲಿ ಬೆಳೆದುದು. ಲೇಹ್ ಪಟ್ಟಣದ ಸುತ್ತಲಿನ ಗ್ರಾನೈಟ್ ಬೆಟ್ಟಗಳು ಮೊದಲನೆಯ ಸಾಲಿನ ಜ್ವಾಲಾಮುಖಿಗಳ ಒಡಲಲ್ಲಿ ಹೆಪ್ಪುಗಟ್ಟಿದ ಶಿಲಾಪಾಕವೇ. ಆ ದ್ವೀಪಸರಣಿ ಮೊದಲು ಏಷ್ಯಾವನ್ನು ಸೇರಿತೋ ಭಾರತವನ್ನೋ ಎಂಬ ವಿವಾದ ಇನ್ನೂ ಬಗೆಹರಿದಿಲ್ಲ.

ಘರ್ಷಣೆ

ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಅಂಚು ಏಷ್ಯಾಕ್ಕೆ ತಗುಲಿತು. ಖಂಡದ ಶಿಲೆ ಹಗುರವಾದುದರಿಂದ ಸುಲಭವಾಗಿ ಮುಳುಗದು. ಆದರೂ ಒಂದು ಭಾಗ ಬಹು ಆಳಕ್ಕೆ ಇಳಿದು ಮರಳಿ ಬಂದಿದೆ. ಲಡಾಖ್‌ನ ತ್ಸೋ ಮೊರಿರಿ ಪ್ರದೇಶದಲ್ಲಿ ದೊರೆತಿರುವ, ಅತ್ಯಧಿಕ ಒತ್ತಡದಲ್ಲಿ ಮಾತ್ರ ರೂಪುಗೊಳ್ಳುವ ಕೋಯಸೈಟ್ ಖನಿಜ ಇದಕ್ಕೆ ಸಾಕ್ಷಿ. ಭಾರತದ ವೇಗ ಕ್ರಮೇಣ ವರ್ಷಕ್ಕೆ ಸುಮಾರು 5 ಸೆಂ.ಮೀ.ಗೆ ಇಳಿಯಿತು, ಜ್ವಾಲಾಮುಖಿ ಸಾಲುಗಳು ಆರಿದವು, ಹಿಮಾಲಯ ಏಳತೊಡಗಿತು.

ಕುರುಹುಗಳು

ಸಿಂಧೂ ಮತ್ತು ತ್ಸಾಂಗ್‌ಪೋ ನದಿಗಳ ಕಣಿವೆಗಳುದ್ದಕ್ಕೂ ಎರಡು ಖಂಡಗಳು ಕೂಡಿದ ಬೆಸುಗೆಯ ಗೆರೆ ಇದೆ. ಅಲ್ಲಿ ಸಾಗರತಳದ ತುಣುಕುಗಳು, ನೀರಿನೊಳಗೆ ಉಕ್ಕಿ ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾ ಸಹಿತ, ಬೆಟ್ಟವೇರಿ ಕುಳಿತಿವೆ. ಕರ್ನಾಟಕದ ಮಠಗಳಲ್ಲಿಯೂ ಮನೆಗಳಲ್ಲಿಯೂ ಪೂಜೆಗೊಳ್ಳುವ, ನೇಪಾಳದ ಗಂಡಕಿ ನದಿಯ ಸಾಲಿಗ್ರಾಮಗಳಲ್ಲಿ ಕಾಣುವ ಚಕ್ರಗಳು ಟೆಥಿಸ್‌ನಲ್ಲಿ ಜೀವಿಸಿದ್ದ ಅಮೊನೈಟ್‌ಗಳ ಪಳೆಯುಳಿಕೆಗಳು.

ಪೂರ್ವ ಮೆಡಿಟರೇನಿಯನ್‌ನ ತಳವನ್ನು ಟೆಥಿಸ್‌ನ ಶೇಷವೆಂದು ಪರಿಗಣಿಸಲಾಗಿದೆ. ಅದು ಈಗಲೂ ಗ್ರೀಸ್‌ನ ಅಡಿಗೆ ಜಾರುತ್ತಿದ್ದು, ಸ್ಯಾಂಟೊರಿನಿ ಜ್ವಾಲಾಮುಖಿ ಅಲ್ಲಿನ ಸಾಲಿಗೆ ಸೇರಿದೆ.